ತೊಳೆದ ಸೂರ್ಯ

ಬೆಳಿಗ್ಗೆ ಎಂಟಕ್ಕೆ ವಿಜ್ಞಾನ ಸಂಗ್ರಹಾಲಯದ ಬಾಗಿಲು ತೆರೆದ ನಿರ್ದೇಶಕರು ಹೊಸಿಲಲ್ಲೇ ನಿಂತುಬಿಟ್ಟರು. ಎರಡಾಳೆತ್ತರದ ಗಾರೆಯ ಸೂರ್ಯ ಆಗತಾನೇ ಮಿಂದ ಮಗುವಿನಂತೆ ಫಳಫಳ ಹೊಳೆಯುತ್ತಿದ್ದ. ಕಲಾವಿದ ಮೂರು ದಿನ ಏಣಿ ಹತ್ತಿಳಿದು ಬರೆದಿದ್ದ ಹನ್ನೊಂದು ಸೌರಕಲೆಗಳಲ್ಲಿ ಒಂದೂ ಉಳಿದಿರಲಿಲ್ಲ. ಗೋಳದ ಸುತ್ತ ಬೆಳ್ಳಿ ಎಳೆಗಳಲ್ಲಿ ಹೆಣೆದಿದ್ದ ಪ್ರಭಾವಲಯವೂ ಮಾಯ. ಹತ್ತಕ್ಕೆ ಉದ್ಘಾಟನೆ.

ಇಪ್ಪತ್ತೆರಡು ವರ್ಷಗಳಿಂದ ಆ ಕಟ್ಟಡವನ್ನು ಗುಡಿಸಿ ಒರೆಸುತ್ತಿದ್ದವಳು ದೊಡ್ಡಕ್ಕ. ಒಂದು ಒಳ್ಳೆಯ ಮಾತಿಗೆ ಕಾದವಳಂತೆ ಮುಂದೆ ಬಂದಳು.

“ಮೈಯೆಲ್ಲಾ ಕಪ್ಪು ಕಲೆ ಹಿಡಿದಿತ್ತು ಸಾರ್. ತಿಕ್ಕಿ ತಿಕ್ಕಿ ರಟ್ಟೆ ಬಿದ್ದುಹೋಯ್ತು. ಸುತ್ತ ಜೇಡರ ಬಲೆ ಬೇರೆ. ಹೊಸ ಸಾಮಾನೇ ಹೀಗಿದ್ರೆ ಬಂದೋರು ಏನಂದ್ಕೋತಾರೆ?”

ಹಿಂದೆಯೇ ಬಂದ ಕಲಾವಿದ ಇದ್ದಲ್ಲೇ ಕುಸಿದು ಕೂತ.

“ಅದು ಕೊಳೆ ಅಲ್ಲ. ಸೂರ್ಯನ ಮೇಲೆ ನಿಜವಾಗ್ಲೂ ಇರೋ ಕಲೆ,” ಎಂದರು ನಿರ್ದೇಶಕರು ಹಲ್ಲು ಕಚ್ಚಿ. “ನಾಳೆಯಿಂದ ನೀನು ಕೆಲಸಕ್ಕೆ ಬರಬೇಡ.”

ಸೂರ್ಯನಿಗೂ ಕಲೆ ಇರುತ್ತದೆಂದು ದೊಡ್ಡಕ್ಕನಿಗೆ ಯಾರೂ ಹೇಳಿರಲಿಲ್ಲ. ಕಣ್ಣಿಗೆ ಬಿದ್ದ ಕಲೆಯನ್ನು ಅವಳು ಈವರೆಗೆ ಸುಮ್ಮನೆ ಬಿಟ್ಟದ್ದೂ ಇಲ್ಲ. ಮೂಲೆಯ ಕಂಬಕ್ಕೆ ಒರಗಿ ನಿಂತಳು.

ಉದ್ಘಾಟನೆಗೆ ಬಂದ ಖಗೋಳ ವಿಜ್ಞಾನಿ ತಲೆ ನರೆತ ಹೆಂಗಸು. ಕನ್ನಡಕ ಏರಿಸಿಕೊಂಡು ಗೋಳವನ್ನು ಒಂದು ಸುತ್ತು ಬಂದರು.

“ಪರವಾಗಿಲ್ಲ, ತಿಳಿದು ಮಾಡಿದ್ದೀರಿ. ಹನ್ನೊಂದು ವರ್ಷಕ್ಕೊಂದ್ಸಲ ಸೂರ್ಯ ಹೀಗೇ ಚೊಕ್ಕಟ ಆಗ್ತಾನೆ, ವಾರಗಟ್ಟಲೆ ಒಂದು ಕಲೆಯೂ ಕಾಣಲ್ಲ. ಪ್ರಭಾವಲಯವೂ ಅಷ್ಟೆ, ಪೂರ್ಣ ಗ್ರಹಣ ಬಿಟ್ಟರೆ ಬರಿಗಣ್ಣಿಗೆ ಬೀಳಲ್ಲ. ಎಲ್ಲರೂ ಸುಮ್ಮನೆ ಅಂಟಿಸಿಬಿಡ್ತಾರೆ. ಇದು ಯಾರ ಯೋಚನೆ?”

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. “ನಮ್ಮ ಹಿರಿಯ ಸಿಬ್ಬಂದಿಯೊಬ್ಬರದು.”

ಅತಿಥಿಯ ಕಾರು ಗೇಟು ದಾಟಿದ ಮೇಲೆ ಅವರು ದೊಡ್ಡಕ್ಕನ ಮುಖ ನೋಡದೆ, “ನಾಳೆ ಬಂದುಬಿಡು,” ಎಂದರು. ಆದರೆ ಕಲೆಗಳು ಮಕ್ಕಳ ಪಾಠದಲ್ಲಿದ್ದವು, ಮತ್ತೆ ಬರೆಯದೆ ವಿಧಿಯಿರಲಿಲ್ಲ. ಕುಂಚ ಹಿಡಿದು ಏಣಿ ಹತ್ತಿದ ಕಲಾವಿದ, ಯಾವುದು ಎಲ್ಲಿತ್ತೆಂದು ತಿಳಿಯದೆ ತಲೆ ಕೆರೆದುಕೊಂಡ.

“ಇನ್ನೂ ಸ್ವಲ್ಪ ಎಡಕ್ಕೆ,” ಎಂದಳು ಕೆಳಗೆ ಏಣಿ ಹಿಡಿದು ನಿಂತಿದ್ದ ದೊಡ್ಡಕ್ಕ. “ಅಲ್ಲೇ, ಜೋಡಿ ಕಲೆ. ಅದರ ಕೆಳಗೊಂದು ದೊಡ್ಡದು. ಅದನ್ನ ಚೆನ್ನಾಗಿ ಬರಿಯಪ್ಪ, ಅರ್ಧ ಗಂಟೆ ಸತಾಯಿಸಿತ್ತು ನನ್ನ.”