ಮುಂಬಾಗಿಲಿನ ಚಪ್ಪಲಿಗಳು

ಹುಬ್ಬಳ್ಳಿಯಲ್ಲಿ ಈಗ ಮೊಬೈಲ್ ಇಟ್ಟುಕೊಂಡು ಯಾವ ಅಂಗಡಿಯ ಮುಂಬಾಗಿಲು ದಾಟಿದರೂ ಶೋಧ ಇಲಾಖೆ ಕೂರಿಸಿದ ಹೊಸ್ತಿಲೇ ನಿಮ್ಮನ್ನು ಎತ್ತಿ ಹಿಂಬಾಗಿಲಲ್ಲಿ ಇಳಿಸುತ್ತದೆ. ಯಾರಿಗೂ ಅದು ವಿಶೇಷವೆನಿಸುವುದಿಲ್ಲ. ನೀಲಗಂಗವ್ವನ ಖಾನಾವಳಿಗೆ ಮಾತ್ರ ಅದರಿಂದ ಕುತ್ತು ಬಂದಿತ್ತು.

ಮಧ್ಯಾಹ್ನದ ಊಟದ ಹೊತ್ತಿಗೆ ಶೋಧ ಇಲಾಖೆಯ ಮುರಗೋಡ ಸಾಹೇಬರು ಯಾವ ಬಾಗಿಲಿಗೆ ಎಷ್ಟು ಜನ ಬಂದರೆಂಬ ವರದಿ ಹಿಡಿದು ಬಂದರು. ಎಲ್ಲರಂತೆ ಮುಂದೆ ಬೂಟು ಕಳಚಿಟ್ಟು ಹೊಸ್ತಿಲು ದಾಟಿದರು. ಹಿಂಬಾಗಿಲ ಬಳಿಯ ಒಲೆಯ ಪಕ್ಕದಲ್ಲಿ ಪ್ರತ್ಯಕ್ಷರಾದರು.

“ನಿಮ್ಮ ಮುಂದಿನ ಬಾಗಲಕ ಮೂರು ತಿಂಗಳಿಂದ ಒಬ್ರೂ ಬಂದಿಲ್ಲ. ವರದಿಯೊಳಗ ಎಲ್ಲಾರೂ ಹಿಂದಿನ ಬಾಗಲಕ್ಕೇ ಬಂದಾರ. ಸೊನ್ನೆ ಇದ್ದ ಬಾಗಲಾ ಮುಚ್ಚಬೇಕು, ಬೋರ್ಡೂ ತಗೀಬೇಕು.”

ನೀಲಗಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ನನ್ನ ಹುಡುಕ್ಕೊಂಡು ಬರೋರು ಆ ಬೋರ್ಡ್ ನೋಡೇ ಬರ್ತಾರ್ರೀ. ಅವರನ್ನ ಹಿಂದ ತಂದು ಇಳಸೂದು ನಿಮ್ಮ ಹೊಸ್ತಲಾ. ಮುಂದ ಹೋಗಿ ಚಪ್ಪಲಿ ಎಣಸ್ರಿ, ಎಷ್ಟು ಮಂದಿ ಬಂದಾರ ಗೊತ್ತಾಗ್ತದ.”

ಮುಂಬಾಗಿಲ ಕಟ್ಟೆಯ ಮೇಲೆ ನಲವತ್ತು ಜೊತೆ ಚಪ್ಪಲಿ ಬಿದ್ದಿದ್ದವು. ಹಿಂಬಾಗಿಲಲ್ಲಿ ಒಂದೂ ಇರಲಿಲ್ಲ.

“ಚಪ್ಪಲಿ ವರದಿಯೊಳಗ ಬರೂದಿಲ್ಲ,” ಎಂದ ಸಾಹೇಬರು ಬಾಗಿಲು ಮುಚ್ಚುವ ಆದೇಶಕ್ಕೆ ಸಹಿ ಹಾಕಿ ಅವಳ ಮುಂದಿಟ್ಟರು. ಆಮೇಲೆ ಉಣ್ಣುತ್ತಿದ್ದವರ ಸಾಲು ದಾಟಿ ಮುಂಬಾಗಿಲಿನತ್ತ ನಡೆದರು.

ನೀಲಗಂಗವ್ವ ಎದ್ದು ಹೋಗಿ, ಹಿಟ್ಟಿನ ಕೈಗಳನ್ನು ಚೌಕಟ್ಟಿಗೆ ಊರಿ ಅಡ್ಡ ನಿಂತಳು.

“ಎಲ್ಲಿಗೆ ಹೊಂಟ್ರಿ?”

“ನನ್ನ ಬೂಟು ಅಲ್ಲಿ ಅದಾವ.”

“ಈ ಬಾಗಲಕ ಯಾರೂ ಬಂದಿಲ್ಲಂತ ಈಗಷ್ಟ ಸಹಿ ಮಾಡೀರಿ, ಸಾಹೇಬ್ರ. ನಿಮ್ಮ ಬೂಟು ಇಲ್ಲಿ ಹೆಂಗ ಇರ್ತಾವು? ಹಿಂದಿನ ಬಾಗಲದಾಗ ಹುಡುಕ್ರಿ.”