ನೀಲವ್ವ ಒರೆಸಿದ ಮಾತು

ಆ ಕಾಲದಲ್ಲಿ ಚುಚ್ಚಿ ಆಡಿದ ಮಾತು ಗೋಡೆಯ ಮೇಲೆ ಅಕ್ಷರವಾಗಿ ಮೂಡುತ್ತಿತ್ತು. ಆಡಿದವರೇ, ನೊಂದವರ ಕಣ್ಣೆದುರು ಒರೆಸಿದರೆ ಮಾತ್ರ ಅಳಿಯುತ್ತಿತ್ತು.

ಹಳಿಯಾಳದ ನೀಲವ್ವನ ಪಡಸಾಲೆಯಲ್ಲಿ ಎರಡು ವರ್ಷದಿಂದ ಒಂದೇ ಸಾಲಿತ್ತು: ‘ಈ ಕರಿ ಸಿದ್ದಿ ಹುಡುಗಿ ನನ್ನ ಸೊಸಿ ಅಲ್ಲ.’ ಮಗ ಸಿದ್ದಿ ಕೇರಿಯ ರೊಜೀನಾಳನ್ನು ಮದುವೆಯಾಗಿ ಕರೆತಂದ ದಿನ ಆಡಿದ್ದು. ಮುಂದೆ ನೀಲವ್ವ ಬಿದ್ದು ಸೊಂಟ ಮುರಿದುಕೊಂಡಾಗ ಆರು ತಿಂಗಳು ಎತ್ತಿ ಕೂರಿಸಿ ಮೀಯಿಸಿದವಳು ಅದೇ ಸೊಸೆ. ಆದರೂ ಒರೆಸಲು ಸೊಕ್ಕು ಬಿಡಲಿಲ್ಲ.

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆ ನೋಡಿದರೆ, ಆ ಸಾಲಿನ ಮೇಲೆ ಬಟ್ಟೆ ತುಂಡು ಜೋಡಿಸಿ ಹೊಲಿದ ಹೊಸ ಕೌದಿಯೊಂದು ತೂಗುತ್ತಿತ್ತು.

“ಇದ್ಯಾಕ ಇಲ್ಲಿ?”

“ಬಂದವರು ನಿಮ್ಮನ್ನ ಆಡಿಕೋಬಾರದಲ್ರಿ ಅತ್ತಿ,” ಎಂದಳು ರೊಜೀನಾ. “ನಮ್ಮವ್ವ, ನಮ್ಮ ಕೇರಿ ಹೆಂಗಸರು ಕೂಡಿ ಹೊಲದಾರ.”

“ಅವರೆಲ್ಲ ಈ ಸಾಲು ಓದ್ಯಾರೇನು?”

“ಓದೇ ಅಳತಿ ತಗೊಂಡ್ರು.”

ನೀಲವ್ವನಿಗೆ ತಲೆ ಎತ್ತಲಾಗಲಿಲ್ಲ. ಆ ಹೆಂಗಸರೆಲ್ಲ ಬಂದು ಕೂರುವವರೆಗೂ ಕಾದಳು. ಆಮೇಲೆ ರೊಜೀನಾಳ ಮತ್ತು ಅವರ ಎದುರೇ ಕೌದಿ ಸರಿಸಿ, ಒದ್ದೆ ಬಟ್ಟೆ ಹಿಡಿದು ಕೊನೆಯ ಪದದಿಂದ ಹಿಂದಕ್ಕೆ ಒರೆಸುತ್ತ ಬಂದಳು. ‘ಕರಿ’ ಎಂಬಲ್ಲಿ ಬಟ್ಟೆ ಕೈಯಿಂದ ಜಾರಿತು. ರೊಜೀನಾಳ ತಾಯಿ ಎದ್ದು ಬಂದು ಬಟ್ಟೆ ಎತ್ತಿಕೊಟ್ಟು, ಅವಳ ಮೊಣಕೈಗೆ ಆಸರೆಯಾದಳು.

“ನಿಧಾನ ಆಗ್ಲಿ ಬೀಗತಿ. ನಾವೆಲ್ಲ ಇಲ್ಲೇ ಕುಂತೀವಿ.”

ಗೋಡೆ ಬರಿದಾಯಿತು. ಆದರೂ ಅವರತ್ತ ಮುಖ ತಿರುಗಿಸಲು ನೀಲವ್ವನಿಗೆ ಬಹಳ ಹೊತ್ತು ಬೇಕಾಯಿತು.