ನೆರಳಿಲ್ಲದ ಗುರುತು

ಅತ್ತಿಗೆ ಬರಿಗೈಯಲ್ಲಿ ಎತ್ತಿಟ್ಟ ಕನ್ನಡಿಯನ್ನು ನಾದಿನಿ ಬೆಳಕಿಗೆ ಹಿಡಿದು ನೋಡಿದಳು. ಒಂದು ಬೆರಳಗುರುತೂ ಇಲ್ಲ. ಒರೆಸಲು ತಂದ ಬಟ್ಟೆ ಕೈಯಲ್ಲೇ ಉಳಿಯಿತು.

“ನನ್ನ ಕೆಲಸಕ್ಕೇ ಸಂಚಕಾರ ತಂದ್ಯಲ್ಲ ಅತ್ತಿಗೆ! ಮೊದಲೆಲ್ಲ ಒಂದೊಂದು ಕನ್ನಡಿ ಮೇಲೂ ನಿನ್ನ ಅಂಗೈ ಜಾತಕ ಇರ್ತಿತ್ತು. ‘ನಿನ್ನ ಹೆಬ್ಬೆಟ್ಟನ್ನ ಯಾವ ಗಿರಾಕಿ ಕೊಳ್ತಾನಮ್ಮ’ ಅಂತ ಮಾಲೀಕರು ಬೈದು ಬೈದು ಸುಸ್ತಾಗಿದ್ರು.”

ಅತ್ತಿಗೆ ನಗಲಿಲ್ಲ. ಅಂಗೈ ಚಾಚಿದಳು. ಕೆಂಪಗೆ ಸುಲಿದು ನುಣ್ಣಗಾಗಿತ್ತು. ಹಿಂದೊಮ್ಮೆ ಗಾಜು ಸೀಳಿ ಹೆಬ್ಬೆರಳಿಗೆ ಅಡ್ಡಲಾಗಿ ಉಳಿದಿದ್ದ ಗಾಯದ ಗೆರೆಯೂ ಅಳಿಸಿಹೋಗಿತ್ತು. ಎದೆಯಲ್ಲಿ ಹುಟ್ಟಿದ ಕ್ಯಾನ್ಸರ್ ಮೂಳೆಗೂ ಇಳಿದ ಮೇಲೆ ಡಾಕ್ಟರು ಎರಡು ಬಗೆಯ ಮಾತ್ರೆಗಳನ್ನು ಜೊತೆಗೂಡಿಸಿದ್ದರು: ಒಂದು ಕೀಮೋ, ಇನ್ನೊಂದು ಆ ಗಡ್ಡೆಯನ್ನೇ ಗುರಿಯಿಟ್ಟು ಹಿಡಿಯುವಂಥದು. ಗಡ್ಡೆ ಕರಗುತ್ತಿತ್ತು. ಜೊತೆಗೆ ಬೆರಳಿನ ಗೆರೆಗಳೂ.

“ಬ್ಯಾಂಕಿನ ಮೆಷಿನ್ನು ನಾನು ನಾನೇ ಅಲ್ಲ ಅಂತು. ಹೋಗ್ಲಿ ಅಂದ್ರೆ, ಇಲ್ಲೂ ನಾನು ಮುಟ್ಟಿದ್ದಕ್ಕೆ ಒಂದು ಗುರುತಿಲ್ಲ. ದಿನವಿಡೀ ಇಲ್ಲಿ ಯಾರೂ ಬಂದೇ ಇಲ್ವೇನೋ ಅನ್ಸುತ್ತೆ ಕಣೇ.” ಸೆರಗಿನಲ್ಲಿದ್ದ ಡಬ್ಬಿಯನ್ನು ತೆಗೆದು ನಾದಿನಿಯ ಕೈಗೆ ತುರುಕಿದಳು. “ಸಂಜೆ ಮಾತ್ರೆ ಇದರಲ್ಲಿದೆ. ಇವತ್ತಿಂದ ಬೇಡ.”

“ತಲೆ ಕೆಟ್ಟಿದ್ಯಾ ನಿಂಗೆ? ಡಾಕ್ಟರಿಗೊಂದು ಮಾತು ಹೇಳು, ಡೋಸ್ ಕಮ್ಮಿ ಮಾಡ್ತಾರೆ. ಗೆರೆ ಮತ್ತೆ ಬರುತ್ತೆ ಅಂದಿದ್ದಾರಲ್ಲ!”

“ಬರೋದು ಯಾರಿಗೆ? ಆ ಗೆರೆ ಇದ್ದೋಳೇ ಹೋಗಾಯ್ತು,” ಎನ್ನುತ್ತ ಅತ್ತಿಗೆ ಕೊನೆಯ ಕನ್ನಡಿಯನ್ನು, ಆಳೆತ್ತರದ್ದನ್ನು, ಎತ್ತಿ ಗೋಡೆಗೆ ಒರಗಿಸಿದಳು.

“ಬಂತು ಅತ್ತಿಗೆ! ನೋಡು ಇಲ್ಲಿ!” ನಾದಿನಿ ಕುಣಿದೇಬಿಟ್ಟಳು. ಕನ್ನಡಿಯ ನಡುವೆ ಹೆಬ್ಬೆರಳಿನ ಗುರುತು. ಅಡ್ಡಲಾಗಿ ಅದೇ ಗಾಯದ ಗೆರೆ. ಅಭ್ಯಾಸಬಲದಿಂದ ಬಟ್ಟೆ ಆಡಿಸಿದಳು. ಹೋಗಲಿಲ್ಲ. ಬಾಯಾವಿ ಊದಿ ಉಜ್ಜಿದಳು. ಹೋಗಲಿಲ್ಲ. ಬಗ್ಗಿ, ಓರೆಯಾಗಿ ನೋಡಿದವಳ ನಗು ಅಲ್ಲೇ ನಿಂತಿತು. ಗಾಜಿನ ಮೇಲಿನ ಕಲೆಗೆ ಹಿಂಬದಿಯ ಲೇಪದಲ್ಲೊಂದು ನೆರಳು ಇದ್ದೇ ಇರುತ್ತದೆ. ಕಲೆ ಯಾವ ಕಡೆಯದೆಂದು ಕನ್ನಡಿ ಕೆಲಸದವರು ತಿಳಿಯುವುದೇ ಹಾಗೆ. ಇದಕ್ಕೆ ನೆರಳಿರಲಿಲ್ಲ. ಇದು ಗಾಜಿನ ಆಚೆ ಬದಿಯಲ್ಲಿ, ಗಾಜಿಗೂ ಲೇಪಕ್ಕೂ ನಡುವೆ, ಯಾರ ಕೈಯೂ ಹೋಗಲಾಗದ ಕಡೆ ಇತ್ತು.

ನೋಡುತ್ತಿದ್ದಂತೆ ಅದರ ಪಕ್ಕ ಇನ್ನೊಂದು ಬೆರಳು ಮೂಡಿತು. ಮತ್ತೊಂದು. ಕೊನೆಗೆ ಇಡೀ ಅಂಗೈ, ಕಿಟಕಿಗೆ ಕೈಯೂರಿ ಯಾರೋ ಹೊರಗೆ ನೋಡುತ್ತಿರುವ ಹಾಗೆ.

ನಾದಿನಿ ಹಿಂದೆ ಸರಿದಳು. ಅತ್ತಿಗೆ ಸರಿಯಲಿಲ್ಲ. ತನ್ನ ನುಣುಪು ಅಂಗೈಯನ್ನು ಅದರ ಮೇಲಿಟ್ಟಳು. ಬೆರಳಿಗೆ ಬೆರಳು ಸರಿಯಾಗಿ ಕೂತಿತು.

“ಆ ಡಬ್ಬಿ ಕೊಡೇ,” ಎಂದಳು, ಕನ್ನಡಿಯಿಂದ ಕಣ್ಣು ಕೀಳದೆ. “ಅವಳು ವಾಪಸ್ ಬರೋ ಹೊತ್ತಿಗೆ ನಾನು ಇಲ್ಲಿರ್ಬೇಕಲ್ಲ.”